ಒಂದೇ ಲೆಕ್ಕ, ನಾಲ್ಕು ನಕಲು

ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯಲ್ಲಿ ಯಲಹಂಕದ ಕಡೆಗೆ ಹೊರಟರೆ ಎಡಗಡೆ ಸಹಕಾರನಗರ. ಅಲ್ಲಿನ ಒಂದು ಮನೆಯ ಮಹಡಿಯ ಕೋಣೆಯಲ್ಲಿ ದ್ವಿತೀಯ ಪಿಯುಸಿಯ ನಾಲ್ವರು ಗೆಳೆಯರು ಕೂಡಿ ಓದುತ್ತಾರೆ ಎಂದುಕೊಳ್ಳಿ. ಭೌತಶಾಸ್ತ್ರದ ಒಳ್ಳೆಯ ನೋಟ್ಸ್ ಇರುವುದು ಒಬ್ಬಳ ಬಳಿ ಮಾತ್ರ. ಒಂದೇ ಪುಸ್ತಕವನ್ನು ನಾಲ್ವರು ಎಳೆದಾಡುವುದು ಬೇಡವೆಂದು ಜೆರಾಕ್ಸ್ ಮಾಡಿಸಿದರು. ಈಗ ಯಾರೂ ಯಾರಿಗೂ ಕಾಯಬೇಕಾಗಿಲ್ಲ. ಒಬ್ಬ ಬೆಳಗಿನ ಜಾವ ಓದುತ್ತಾನೆ, ಇನ್ನೊಬ್ಬಳು ರಾತ್ರಿ ಹನ್ನೊಂದರ ಮೇಲೆ.

ಒಂದು ದಿನ ಅವರಲ್ಲೊಬ್ಬನಿಗೆ ಮಸೂರದ ಸೂತ್ರದಲ್ಲಿ ಒಂದು ಚಿಹ್ನೆ ತಪ್ಪಾಗಿರುವುದು ಕಂಡಿತು. ಅಧಿಕವಿದ್ದಲ್ಲಿ ಋಣ ಇರಬೇಕಿತ್ತು. ತನ್ನ ಪ್ರತಿಯಲ್ಲಿ ಕೆಂಪು ಶಾಯಿಯಲ್ಲಿ ತಿದ್ದಿಕೊಂಡ, ಪುಟ ಮಗುಚಿದ. ಉಳಿದ ಮೂವರಿಗೆ ಹೇಳಲು ಮರೆತ. ಪರೀಕ್ಷೆಯಲ್ಲಿ ಅದೇ ಲೆಕ್ಕ ಬಂತು. ಮೂವರ ಉತ್ತರ ತಪ್ಪಾಯಿತು. ಅವರು ಓದಿರಲಿಲ್ಲವೇ? ಓದಿದ್ದರು, ಚೆನ್ನಾಗಿಯೇ ಓದಿದ್ದರು. ಓದಿದ್ದು ಹಳೆಯ ನಕಲನ್ನು, ಅಷ್ಟೆ.

ಕಂಪ್ಯೂಟರ್ ವಿಜ್ಞಾನದಲ್ಲಿ ಹತ್ತಾರು ವರ್ಷಗಳಿಂದ ಪಂಡಿತರ ನಿದ್ದೆಗೆಡಿಸಿರುವ ಒಂದು ಪ್ರಶ್ನೆ ಇದೇ. ಒಂದೇ ಮಾಹಿತಿಯ ಹಲವು ನಕಲುಗಳು ಹಲವು ಕಡೆ ಇದ್ದಾಗ, ಅವೆಲ್ಲ ಒಂದೇ ಮಾತನ್ನು ಹೇಳುವಂತೆ ಮಾಡುವುದು ಹೇಗೆ? ನಕಲು ಇಡುವುದಕ್ಕೆ ‘ರೆಪ್ಲಿಕೇಷನ್’ ಎಂದೂ, ನಕಲುಗಳು ಪರಸ್ಪರ ಹೊಂದಿಕೊಂಡಿರುವುದಕ್ಕೆ ‘ಕನ್ಸಿಸ್ಟೆನ್ಸಿ’ ಎಂದೂ ಹೆಸರು. ಇಂಜಿನಿಯರಿಂಗ್ ಓದುವ ಮಕ್ಕಳಿರುವ ಮನೆಗಳಲ್ಲಿ ಈ ಎರಡು ಪದಗಳು ಈಗಾಗಲೇ ಕಿವಿಗೆ ಬಿದ್ದಿರಬಹುದು.

ನಕಲೇ ಬೇಡ, ಎಲ್ಲರೂ ಒಂದೇ ಮೂಲ ಪ್ರತಿಯನ್ನು ನೋಡಲಿ ಎಂದರೆ ಆಗದೆ? ಆಗುತ್ತದೆ, ಆದರೆ ಬಹಳ ನಿಧಾನ. ಬೆಳಕು ಒಂದು ಸೆಕೆಂಡಿನ ನೂರು ಕೋಟಿಯ ಒಂದು ಭಾಗದಲ್ಲಿ ಕ್ರಮಿಸುವ ದೂರ ಸುಮಾರು 30 ಸೆಂಟಿಮೀಟರ್, ಅಂದರೆ ನಿಮ್ಮ ಜಾಮಿಟ್ರಿ ಬಾಕ್ಸಿನ ಪಕ್ಕದಲ್ಲಿರುವ ದೊಡ್ಡ ಸ್ಕೇಲಿನಷ್ಟು. ಇಂದಿನ ಸಾಮಾನ್ಯ ಪ್ರೊಸೆಸರ್ ಒಂದು ಸೆಕೆಂಡಿಗೆ ಮುನ್ನೂರು ಕೋಟಿ ಬಾರಿ ಮಿಡಿಯುತ್ತದೆ. ಒಂದು ಮಿಡಿತದ ಅವಧಿಯಲ್ಲಿ ಬೆಳಕೇ ಹತ್ತು ಸೆಂಟಿಮೀಟರಿಗಿಂತ ಮುಂದೆ ಹೋಗಲಾರದು. ತನ್ನ ಪೆಟ್ಟಿಗೆಯಲ್ಲೇ ಇರುವ ಮುಖ್ಯ ಸ್ಮೃತಿಯಿಂದ ಒಂದು ಅಂಕಿ ತರಿಸಿಕೊಳ್ಳಲು ಪ್ರೊಸೆಸರಿಗೆ ನೂರಾರು ಮಿಡಿತಗಳು ಬೇಕು. ಪಕ್ಕದ ಪೆಟ್ಟಿಗೆಯಿಂದ ತಂತಿಯ ಮೂಲಕ ತರಿಸಬೇಕಾದರೆ ಸಾವಿರಾರು. ಅಡಿಗೆಮನೆಯಲ್ಲಿ ಒಗ್ಗರಣೆಗೆ ಇಟ್ಟು, ಸಾಸಿವೆ ತರಲು ಯಲಹಂಕ ಸಂತೆಗೆ ಹೋದ ಹಾಗೆ! ಅದಕ್ಕೇ ಸಾಸಿವೆ ಡಬ್ಬಿ ಒಲೆಯ ಪಕ್ಕದಲ್ಲೇ ಇರಬೇಕು. ಪ್ರತಿ ಅಡಿಗೆಮನೆಯಲ್ಲೂ ಒಂದೊಂದು ಇರಬೇಕು.

ಬೆಂಗಳೂರಿಗೆ ಈ ಸಮಸ್ಯೆ ಪುಸ್ತಕದಿಂದ ಬಂದದ್ದಲ್ಲ, ಕೈಕೆಲಸದಿಂದಲೇ ಬಂತು. 1980ರ ದಶಕದ ನಡುವೆ ನಮ್ಮ ದೇಶ ಅಮೆರಿಕದಿಂದ ಕ್ರೇ ಎಂಬ ಸೂಪರ್ ಕಂಪ್ಯೂಟರ್ ಕೊಳ್ಳಲು ಹೊರಟಾಗ ಅಡ್ಡಿಗಳು ಎದುರಾದವು. ಹವಾಮಾನ ಮುನ್ಸೂಚನೆಗೆಂದು ಒಂದು ಯಂತ್ರ ಕೊನೆಗೆ ದೆಹಲಿಗೆ ಬಂದಿತಾದರೂ, ಬೇಕೆಂದಾಗ ಬೇಕಾದ್ದನ್ನು ಕೊಳ್ಳುವ ಸ್ಥಿತಿ ಇರಲಿಲ್ಲ. ಬೆಂಗಳೂರಿನ ಎನ್‌ಎಎಲ್ ಆಗ ನ್ಯಾಷನಲ್ ಏರೋನಾಟಿಕಲ್ ಲ್ಯಾಬೊರೇಟರಿ. ‘ಏರೋಸ್ಪೇಸ್’ ಎಂಬ ಹೆಸರು ಬಂದದ್ದು 1993ರಲ್ಲಿ. ನಿರ್ದೇಶಕರಾಗಿದ್ದವರು ರೊದ್ದಂ ನರಸಿಂಹ. ಕನ್ನಡದಲ್ಲಿ ವಿಜ್ಞಾನ ಬರೆದು ಹೆಸರಾದ ಆರ್.ಎಲ್. ನರಸಿಂಹಯ್ಯನವರ ಮಗ. ವಿಮಾನದ ರೆಕ್ಕೆಯ ಮೇಲೆ ಗಾಳಿ ಹರಿಯುವ ಲೆಕ್ಕ ಅವರಿಗೆ ಬೇಕಾಗಿತ್ತು. ಅದು ಕೈಯಿಂದ ಮಾಡುವ ಲೆಕ್ಕವಲ್ಲ. ಒಂದು ಸಣ್ಣ ಕಂಪ್ಯೂಟರಿಗೆ ಹಚ್ಚಿ ಕೂತರೆ ಮುಗಿಯುವ ಲೆಕ್ಕವೂ ಅಲ್ಲ.

ಯು.ಎನ್. ಸಿನ್ಹಾ ಮತ್ತು ಜೊತೆಗಾರರು ಇನ್ನೊಂದು ದಾರಿ ಹಿಡಿದರು. ದೊಡ್ಡ ಆನೆ ಸಿಗದಿದ್ದರೆ ಹಲವು ಎತ್ತುಗಳನ್ನು ಒಂದೇ ನೊಗಕ್ಕೆ ಕಟ್ಟುವುದು. ಅಂಗಡಿಯಲ್ಲಿ ಸಿಗುತ್ತಿದ್ದ ಇಂಟೆಲ್ 8086 ಪ್ರೊಸೆಸರ್ ಮತ್ತು ಅದರ ಜೊತೆಗಾರ 8087 ಬಿಲ್ಲೆಗಳನ್ನು ಜೋಡಿಸಿ ‘ಫ್ಲೋಸಾಲ್ವರ್’ ಎಂಬ ಸಮಾಂತರ ಕಂಪ್ಯೂಟರನ್ನು ಕಟ್ಟಿದರು. ಅದು ಕೆಲಸ ಆರಂಭಿಸಿದ್ದು 1986ರ ಡಿಸೆಂಬರಿನಲ್ಲಿ. ಆಗಿನ ಪರ್ಸನಲ್ ಕಂಪ್ಯೂಟರುಗಳಲ್ಲಿ ಇರುತ್ತಿದ್ದದ್ದೂ ಇದೇ ವಂಶದ ಪ್ರೊಸೆಸರ್. ಸಿ-ಡ್ಯಾಕ್ ಪುಣೆಯಲ್ಲಿ ‘ಪರಮ್ 8000’ ಹೊರತಂದದ್ದು 1991ರಲ್ಲಿ, ಅಂದರೆ ನಾಲ್ಕೈದು ವರ್ಷ ತಡವಾಗಿ. ಈ ಸಂಗತಿ ಬೆಂಗಳೂರಿನವರಿಗೇ ಅಷ್ಟಾಗಿ ಗೊತ್ತಿಲ್ಲ.

ಎತ್ತುಗಳನ್ನು ಕಟ್ಟುವುದು ಸುಲಭ. ಅವು ಒಂದೇ ಹೆಜ್ಜೆ ಹಾಕುವಂತೆ ಮಾಡುವುದೇ ಕಷ್ಟ. ಕರ್ನಾಟಕದ ಭೂಪಟವನ್ನು ತೆಗೆದುಕೊಳ್ಳಿ. ಅದರ ಮೇಲೆ ಚೌಕಳಿ ಗೆರೆ ಎಳೆದು, ಪ್ರತಿ ಚೌಕದ ಉಷ್ಣತೆ, ಗಾಳಿ, ತೇವಾಂಶ ಎಷ್ಟೆಂದು ಬರೆಯಿರಿ. ಇನ್ನು ಹತ್ತು ನಿಮಿಷಕ್ಕೆ ಏನಾಗುತ್ತದೆ ಎಂದು ಲೆಕ್ಕ ಹಾಕಬೇಕು. ಒಂದು ಚೌಕದ ಮುಂದಿನ ಬೆಲೆ ಗೊತ್ತಾಗಬೇಕಾದರೆ ಅದರ ಅಕ್ಕಪಕ್ಕದ ಚೌಕಗಳ ಈಗಿನ ಬೆಲೆ ಬೇಕು. ಗಾಳಿ ಪಕ್ಕದಿಂದಲೇ ತಾನೆ ಬರುವುದು? ಭೂಪಟವನ್ನು ನಾಲ್ಕು ತುಂಡು ಮಾಡಿ ನಾಲ್ಕು ಪ್ರೊಸೆಸರಿಗೆ ಹಂಚಿದಿರಿ. ತುಂಡಿನ ಒಳಗಿರುವ ಚೌಕಗಳಿಗೆ ತೊಂದರೆಯಿಲ್ಲ. ಗಡಿಯಲ್ಲಿರುವ ಚೌಕಕ್ಕೆ ಪಕ್ಕದವನ ಅಂಕಿ ಬೇಕು. ಪ್ರತಿ ಸಲ ಕೇಳುತ್ತಾ ಕೂತರೆ ಕೆಲಸ ಕೆಡುತ್ತದೆ. ಆದ್ದರಿಂದ ಪ್ರತಿಯೊಬ್ಬನೂ ತನ್ನ ಪಾಲಿನ ಜೊತೆಗೆ ಪಕ್ಕದವನ ಗಡಿಯ ಒಂದು ಸಾಲನ್ನು ನಕಲು ಮಾಡಿ ಇಟ್ಟುಕೊಳ್ಳುತ್ತಾನೆ. ಈ ನಕಲು ಸಾಲಿನ ಚೌಕಗಳಿಗೆ ‘ಭೂತ ಚೌಕಗಳು’ ಎಂಬ ಅರ್ಥದ ಹೆಸರೇ ಇದೆ. ಇದ್ದೂ ಇಲ್ಲದವು, ಕಂಡೂ ತನ್ನದಲ್ಲದವು.

ಹೆಜ್ಜೆ ಹೆಜ್ಜೆಗೂ ಈ ಭೂತ ಸಾಲನ್ನು ಹೊಸದು ಮಾಡಬೇಕು. ಒಬ್ಬ ಹದಿನೈದನೆಯ ಹೆಜ್ಜೆಯಲ್ಲಿದ್ದಾಗ ಅವನ ಬಳಿಯಿರುವ ನೆರೆಯ ಸಾಲು ಹದಿನಾಲ್ಕನೆಯ ಹೆಜ್ಜೆಯದಾದರೆ? ಯಂತ್ರ ನಿಲ್ಲುವುದಿಲ್ಲ, ಗಂಟೆ ಬಾರಿಸುವುದಿಲ್ಲ. ನೀಟಾಗಿ ಮುದ್ರಿಸಿದ, ದಶಮಾಂಶದ ಆರು ಸ್ಥಾನಗಳವರೆಗಿನ ಉತ್ತರವನ್ನೇ ಕೊಡುತ್ತದೆ. ಉತ್ತರ ತಪ್ಪು, ಅಷ್ಟೇ. ಸಾಮಾನ್ಯ ದೋಷಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ. ಸಾಮಾನ್ಯ ದೋಷ ಪ್ರತಿ ಸಲವೂ ಅದೇ ಜಾಗದಲ್ಲಿ ಕಾಣುತ್ತದೆ. ಇದು ಸೋಮವಾರ ಬಂದು ಮಂಗಳವಾರ ಮಾಯವಾಗುತ್ತದೆ, ಏಕೆಂದರೆ ಯಾರು ಮೊದಲು ಮುಗಿಸಿದರು ಎಂಬುದು ದಿನಕ್ಕೊಂದು ಥರ.

ಎಲ್ಲ ಲೆಕ್ಕಗಳೂ ಇಷ್ಟು ಮಡಿವಂತಿಕೆಯವಲ್ಲ ಎಂಬುದೂ ನಿಜ. ಬಿಸಿ ಮಾಡಿದ ತಗಡಿನಲ್ಲಿ ಶಾಖ ಕೊನೆಗೆ ಹೇಗೆ ಹಂಚಿಕೊಳ್ಳುತ್ತದೆ ಎಂಬಂಥ ಲೆಕ್ಕದಲ್ಲಿ ನೆರೆಯವನ ಅಂಕಿ ಸ್ವಲ್ಪ ಹಳತಾದರೂ, ನಿಧಾನವಾಗಿಯಾದರೂ ಸರಿಯುತ್ತರಕ್ಕೇ ತಲುಪಬಹುದು. ಯಾವ ನಿಬಂಧನೆಗಳಿದ್ದರೆ ಹಾಗಾಗುತ್ತದೆ ಎಂದು ಚಜಾನ್ ಮತ್ತು ಮಿರಾಂಕರ್ 1969ರಲ್ಲೇ ತೋರಿಸಿದ್ದರು. ಮುಂಗಾರಿನ ಲೆಕ್ಕಕ್ಕೆ ಆ ರಿಯಾಯಿತಿ ಇಲ್ಲ. ಫ್ಲೋಸಾಲ್ವರ್ ಮುಂದೆ ‘ವರ್ಷಾ’ ಎಂಬ ಹವಾಮಾನ ಮಾದರಿಯನ್ನೂ ಓಡಿಸಿತು. ಅದರ ಮುಂದಿನ ಮಾದರಿಗಳಲ್ಲಿ, ಅಂಕಿಗಳನ್ನು ಸಾಗಿಸುವ ಸ್ವಿಚ್ಚೇ ದಾರಿಯಲ್ಲಿ ಒಂದಿಷ್ಟು ಸಂಕಲನವನ್ನೂ ಮಾಡಿ ಮುಗಿಸುವಂತೆ ಎನ್‌ಎಎಲ್‌ನವರು ರೂಪಿಸಿದರು. ಟಪಾಲಿನವನು ಕಾಗದ ತರುತ್ತಾ ದಾರಿಯಲ್ಲೇ ಲೆಕ್ಕ ಕೂಡಿಸಿ ತಂದ ಹಾಗೆ. ರೊದ್ದಂ ನರಸಿಂಹ ಅವರು ಆಮೇಲಿನ ವರ್ಷಗಳಲ್ಲಿ ಕೆಲಸ ಮಾಡಿದ್ದು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ, ಸಹಕಾರನಗರದಿಂದ ಹೆದ್ದಾರಿಯ ಆಚೆಗೆ. ಅವರು ತೀರಿಕೊಂಡದ್ದು 2020ರ ಡಿಸೆಂಬರಿನಲ್ಲಿ.

ಹೀಗೆ ಯಂತ್ರದಿಂದ ಯಂತ್ರಕ್ಕೆ ಅಂಕಿ ಕಳಿಸುವ ಕೆಲಸವನ್ನು ಯಾರು ಮಾಡಬೇಕು? ಪ್ರೋಗ್ರಾಂ ಬರೆಯುವವನೇ ‘ಇದನ್ನು ಇವನಿಗೆ ಕಳಿಸು, ಅದನ್ನು ಅವನಿಂದ ಪಡೆ’ ಎಂದು ಸಾಲು ಸಾಲಾಗಿ ಬರೆಯಬಹುದು. ಪರಮ್ ಯಂತ್ರದಲ್ಲಿ ಇದ್ದದ್ದು ಇದೇ ಕ್ರಮ. ಪ್ರತಿ ಟ್ರಾನ್ಸ್‌ಪ್ಯೂಟರಿಗೂ ಅದರದೇ ಸ್ಮೃತಿ, ನಡುವೆ ಸಂದೇಶ. ಇದರಲ್ಲಿ ಗೊಂದಲ ಕಡಿಮೆ, ದುಡಿಮೆ ಹೆಚ್ಚು. ಒಂದು ‘ಕಳಿಸು’ ಮರೆತರೆ ಎದುರಿನವನು ಬಾಯಿ ತೆರೆದು ಕಾಯುತ್ತಾ ಕೂರುತ್ತಾನೆ.

1986ರಲ್ಲಿ, ಅಂದರೆ ಬೆಂಗಳೂರಿನಲ್ಲಿ ಫ್ಲೋಸಾಲ್ವರ್ ಕಣ್ಣು ಬಿಟ್ಟ ವರ್ಷವೇ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಕಾಯ್ ಲೀ ಎಂಬ ಚೀನಾ ಮೂಲದ ವಿದ್ಯಾರ್ಥಿ ತನ್ನ ಪಿಎಚ್.ಡಿ. ಪ್ರಬಂಧದಲ್ಲಿ ಬೇರೊಂದು ಉಪಾಯ ಮಂಡಿಸಿದ. ಕಂಪ್ಯೂಟರುಗಳು ಬೇರೆ ಬೇರೆ ಕೋಣೆಯಲ್ಲಿರಲಿ, ಸ್ಮೃತಿಯೂ ಹರಿದು ಹಂಚಿಹೋಗಿರಲಿ. ಆದರೆ ಪ್ರೋಗ್ರಾಂ ಬರೆಯುವವನ ಕಣ್ಣಿಗೆ ಒಂದೇ ದೊಡ್ಡ ಸ್ಮೃತಿ ಇರುವಂತೆ ಕಾಣಲಿ. ಇದನ್ನೇ ಈಗ ‘ಡಿಸ್ಟ್ರಿಬ್ಯೂಟೆಡ್ ಶೇರ್ಡ್ ಮೆಮೊರಿ’ ಎನ್ನುತ್ತಾರೆ. ಹಂಚಿಹೋದ ಹಂಚಿಕೆಯ ಸ್ಮೃತಿ ಎಂದರೆ ತಮಾಷೆಯಾಗಿ ಕೇಳಿಸುತ್ತದೆ. ಆದರೆ ಸಂಗತಿಯೇ ಹಾಗಿದೆ. ಅದು ಎಲ್ಲರಿಗೂ ಸೇರಿದ್ದು, ಎಲ್ಲೂ ಒಂದೆಡೆ ಇಲ್ಲದ್ದು.

ಕಾಯ್ ಲೀ ಬಳಸಿದ ಯುಕ್ತಿ ಸೊಗಸಾದದ್ದು. ಹೆಚ್ಚಿನ ಕಂಪ್ಯೂಟರುಗಳು ಸ್ಮೃತಿಯನ್ನು ಪುಟಗಳಾಗಿ ಭಾಗಿಸಿಕೊಂಡಿರುತ್ತವೆ. ಬೇಕಾದ ಪುಟ ಕೈಯಲ್ಲಿ ಇಲ್ಲದಿದ್ದರೆ ಯಂತ್ರಾಂಶವೇ ತಡೆದು, ಕಾರ್ಯವ್ಯವಸ್ಥೆಯನ್ನು ಕರೆದು, ಡಿಸ್ಕಿನಿಂದ ಪುಟ ತರಿಸುತ್ತದೆ. ಡಿಸ್ಕಿನ ಬದಲು ಪಕ್ಕದ ಕಂಪ್ಯೂಟರಿನಿಂದ ತರಿಸಿದರೇನು? ಹೊಸ ಯಂತ್ರಾಂಶ ಏನೂ ಬೇಡ, ಇದ್ದ ತಡೆಗೋಡೆಯನ್ನೇ ಬಳಸಿಕೊಳ್ಳಬಹುದು. ಅವನ ‘ಐವಿ’ ಎಂಬ ವ್ಯವಸ್ಥೆ ಅಪೊಲೊ ಎಂಬ ಕಾರ್ಯಕೇಂದ್ರಗಳ ಜಾಲದ ಮೇಲೆ ಹೀಗೆ ನಡೆಯಿತು. (ಇದೇ ಕಾಯ್ ಲೀ ಮುಂದೆ ಪ್ರಿನ್ಸ್‌ಟನ್‌ನಲ್ಲಿ ಪ್ರಾಧ್ಯಾಪಕನಾಗಿ, ಯಂತ್ರಗಳಿಗೆ ಚಿತ್ರ ಗುರುತಿಸಲು ಕಲಿಸಿದ ‘ಇಮೇಜ್‌ನೆಟ್’ ಸಂಗ್ರಹದ 2009ರ ಪ್ರಬಂಧದಲ್ಲೂ ಸಹಲೇಖಕನಾದ.)

ಐವಿಯ ನಿಯಮ ಸರಳವಾಗಿತ್ತು. ಓದುವುದಾದರೆ ಎಷ್ಟು ಜನ ಬೇಕಾದರೂ ಒಂದೊಂದು ನಕಲು ಇಟ್ಟುಕೊಳ್ಳಿ. ಬರೆಯಬೇಕೆಂದರೆ ಮಾತ್ರ ಆ ಪುಟಕ್ಕೆ ಒಬ್ಬನೇ ಯಜಮಾನ. ಬರೆಯುವ ಮುನ್ನ ಅವನು ಉಳಿದ ನಕಲುಗಳನ್ನೆಲ್ಲ ರದ್ದು ಮಾಡಿಸಬೇಕು. ಮಹಡಿಯ ಕೋಣೆಯ ಗೆಳೆಯರಿಗೆ ಇದನ್ನು ಅನ್ವಯಿಸಿ ನೋಡಿ. ಚಿಹ್ನೆ ತಿದ್ದಲು ಹೊರಟವನು ಮೊದಲು ಉಳಿದ ಮೂವರಿಗೂ ಫೋನ್ ಮಾಡಿ ‘ಮೂವತ್ತೆರಡನೆಯ ಪುಟ ಹರಿದು ಬಿಸಾಡಿ’ ಎನ್ನಬೇಕು. ಮೂವರೂ ‘ಹರಿದೆ’ ಎಂದ ಮೇಲೆಯೇ ಪೆನ್ನು ಮುಟ್ಟಬೇಕು. ಆಮೇಲೆ ಆ ಪುಟ ಬೇಕಾದವರು ಅವನಲ್ಲಿಗೆ ಬಂದು ಹೊಸ ಪ್ರತಿ ಮಾಡಿಸಿಕೊಂಡು ಹೋಗುತ್ತಾರೆ. ಇನ್ನೊಂದು ಕ್ರಮವೂ ಇದೆ. ಹರಿಯುವುದು ಬೇಡ, ತಿದ್ದಿದ ಸಾಲನ್ನೇ ಮೂವರಿಗೂ ಕೂಡಲೇ ಕಳಿಸಿಬಿಡುವುದು. ಯಾವುದು ಮೇಲು? ಮೂವರೂ ಆ ಪುಟವನ್ನು ಮತ್ತೆ ಮತ್ತೆ ಓದುವವರಾದರೆ ಕಳಿಸುವುದು ಲಾಭ. ಅವನೊಬ್ಬನೇ ಹತ್ತು ಸಲ ತಿದ್ದಿ ತಿದ್ದಿ ಬರೆಯುವವನು, ಉಳಿದವರು ಆ ಪುಟವನ್ನೇ ಮರೆತವರು ಎಂದಾದರೆ, ಹತ್ತು ಸಲ ಮೂವರಿಗೆ ಕಳಿಸುವುದು ದಂಡ.

ಇಲ್ಲೊಂದು ವಿಚಿತ್ರ ತೊಂದರೆ ಹುಟ್ಟಿಕೊಳ್ಳುತ್ತದೆ. ಒಂದು ಮನೆಯಲ್ಲಿ ಒಂದೇ ನೋಟ್ ಪುಸ್ತಕದ ಒಂದೇ ಪುಟದ ಮೇಲರ್ಧದಲ್ಲಿ ತಾಯಿ ಹಾಲಿನ ಲೆಕ್ಕ ಬರೆಯುತ್ತಾರೆ, ಕೆಳಗಿನ ಅರ್ಧದಲ್ಲಿ ಮಗ ಕ್ರಿಕೆಟ್ ಸ್ಕೋರ್ ಬರೆಯುತ್ತಾನೆ ಎನ್ನಿ. ಹಾಲಿಗೂ ಸ್ಕೋರಿಗೂ ಏನೇನೂ ಸಂಬಂಧವಿಲ್ಲ. ಆದರೂ ಪುಟಕ್ಕೆ ಒಬ್ಬನೇ ಯಜಮಾನ ಎಂಬ ನಿಯಮದಿಂದ ಪುಸ್ತಕ ಅಡಿಗೆಮನೆಗೂ ಟೀವಿ ಕೋಣೆಗೂ ಓಡಾಡುತ್ತಲೇ ಇರುತ್ತದೆ. ಕೆಲಸಕ್ಕಿಂತ ಓಡಾಟವೇ ಹೆಚ್ಚು. ‘ಸುಳ್ಳು ಹಂಚಿಕೆ’ ಎಂದು ಇದರ ಹೆಸರು. ನಾಲ್ಕು ಪ್ರೊಸೆಸರ್ ಹಾಕಿದರೆ ನಾಲ್ಕು ಪಟ್ಟು ವೇಗ ಬರುವುದೆಂದು ನಂಬಿದವರು, ಒಂದೇ ಪ್ರೊಸೆಸರಿಗಿಂತಲೂ ನಿಧಾನವಾದದ್ದನ್ನು ಕಂಡು ತಲೆ ಕೆರೆದುಕೊಂಡದ್ದುಂಟು.

ಹ್ಯೂಸ್ಟನ್‌ನ ರೈಸ್ ವಿಶ್ವವಿದ್ಯಾಲಯದವರು 1990ರ ದಶಕದ ಆರಂಭದಲ್ಲಿ ಇದಕ್ಕೆ ಒಂದು ಮನೆಮದ್ದಿನಂಥ ಪರಿಹಾರ ಹುಡುಕಿದರು. ‘ಮ್ಯೂನಿನ್’, ನಂತರ ‘ಟ್ರೆಡ್‌ಮಾರ್ಕ್ಸ್’ ಎಂಬ ಅವರ ವ್ಯವಸ್ಥೆಗಳಲ್ಲಿ ಇಬ್ಬರೂ ಒಂದೇ ಪುಟದ ಬೇರೆ ಬೇರೆ ನಕಲಿನಲ್ಲಿ ಒಟ್ಟಿಗೇ ಬರೆಯಬಹುದು. ಬರೆಯುವ ಮುನ್ನ ಪ್ರತಿಯೊಬ್ಬರೂ ಪುಟದ ಒಂದು ‘ಅವಳಿ’ಯನ್ನು ತೆಗೆದಿಡುತ್ತಾರೆ. ಬರೆದು ಮುಗಿದ ಮೇಲೆ ಅವಳಿಯ ಜೊತೆ ಹೋಲಿಸಿ, ಬದಲಾದ ಸಾಲುಗಳನ್ನಷ್ಟೇ ಪಟ್ಟಿ ಮಾಡಿ ಕಳಿಸುತ್ತಾರೆ. ಹಾಲಿನ ಸಾಲು, ಸ್ಕೋರಿನ ಸಾಲು ಎರಡೂ ಒಂದು ಪುಟದಲ್ಲಿ ಹೊಲಿದುಕೊಂಡು ಹೋಗುತ್ತವೆ. ಇಬ್ಬರೂ ಒಂದೇ ಸಾಲನ್ನು ತಿದ್ದಿದರೆ? ಆಗ ಬೀಗ ಬೇಕೇ ಬೇಕು. ಅದನ್ನು ಮರೆತವನನ್ನು ಯಾವ ಅವಳಿಯೂ ಕಾಪಾಡುವುದಿಲ್ಲ.

ಇಷ್ಟು ಹೊತ್ತು ಹೇಳಿದ್ದು ನಕಲುಗಳ ಮಾತು. ಇನ್ನೂ ಸೂಕ್ಷ್ಮವಾದದ್ದು ಅನುಕ್ರಮದ ಮಾತು. ಕಾಲೇಜಿನ ಎರಡು ಕಟ್ಟಡಗಳಲ್ಲಿ ಎರಡು ಸೂಚನಾ ಫಲಕಗಳಿವೆ. ಬೆಳಿಗ್ಗೆ ‘ಪರೀಕ್ಷೆ ಮುಂದೂಡಿದೆ’ ಎಂಬ ಚೀಟಿ ಹೊರಟಿತು. ಅದರ ಹಿಂದೆಯೇ ‘ಹಿಂದಿನ ಸೂಚನೆ ರದ್ದು’ ಎಂಬ ಚೀಟಿ. ಮೊದಲ ಕಟ್ಟಡಕ್ಕೆ ಎರಡೂ ಸರಿಯಾದ ಕ್ರಮದಲ್ಲಿ ತಲುಪಿದವು. ಎರಡನೆಯ ಕಟ್ಟಡಕ್ಕೆ ರದ್ದಿನ ಚೀಟಿ ಮೊದಲು ಬಂದು, ಮುಂದೂಡಿಕೆಯ ಚೀಟಿ ಅದರ ಮೇಲೆ ಅಂಟಿಕೊಂಡಿತು. ಎರಡು ಕಡೆಯೂ ಇರುವುದು ಅವೇ ಎರಡು ಚೀಟಿಗಳು, ಒಂದಕ್ಷರ ಹೆಚ್ಚುಕಡಿಮೆಯಿಲ್ಲ. ಆದರೂ ಒಂದು ಕಟ್ಟಡದ ಮಕ್ಕಳು ಪರೀಕ್ಷೆ ಬರೆದರು, ಇನ್ನೊಂದು ಕಟ್ಟಡದವರು ಸಿನಿಮಾಕ್ಕೆ ಹೋದರು.

ಲೆಸ್ಲಿ ಲ್ಯಾಂಪೋರ್ಟ್ ಎಂಬ ಅಮೆರಿಕದ ವಿಜ್ಞಾನಿ 1979ರಲ್ಲಿ ಎರಡೇ ಪುಟದ ಒಂದು ಪ್ರಬಂಧದಲ್ಲಿ ಇದಕ್ಕೆ ಅಳತೆಗೋಲು ಕೊಟ್ಟರು. ಹಲವು ಪ್ರೊಸೆಸರುಗಳು ಏನೇ ಮಾಡಿರಲಿ, ಫಲಿತಾಂಶವನ್ನು ನೋಡಿದಾಗ ಅವರೆಲ್ಲರ ಕೆಲಸಗಳು ಯಾವುದೋ ಒಂದೇ ಸರದಿಯಲ್ಲಿ, ಒಂದರ ಹಿಂದೊಂದು ನಡೆದಂತೆ ಕಾಣಬೇಕು. ಆ ಸರದಿಯಲ್ಲಿ ಪ್ರತಿಯೊಬ್ಬನ ಕೆಲಸವೂ ಅವನು ಮಾಡಿದ ಕ್ರಮದಲ್ಲೇ ಇರಬೇಕು. ಇದು ‘ಸೀಕ್ವೆನ್ಷಿಯಲ್ ಕನ್ಸಿಸ್ಟೆನ್ಸಿ’. ಯಾರ ಸರದಿ ಮೊದಲು ಎಂದು ಅದು ಹೇಳುವುದಿಲ್ಲ, ಎಲ್ಲರೂ ಒಂದೇ ಸರದಿಯನ್ನು ಕಾಣಬೇಕು ಎನ್ನುತ್ತದೆ. ಎಷ್ಟು ಸಹಜವಾದ ಬೇಡಿಕೆ! ಆದರೆ ದುಬಾರಿ. ಪ್ರತಿ ಬರಹಕ್ಕೂ ಎಲ್ಲರ ಒಪ್ಪಿಗೆಗೆ ಕಾಯಬೇಕು. ಲ್ಯಾಂಪೋರ್ಟರಿಗೆ 2013ರ ಟ್ಯೂರಿಂಗ್ ಪ್ರಶಸ್ತಿ ಬಂತು.

ದುಬಾರಿಯಾದದ್ದನ್ನು ಸಡಿಲಿಸುವುದು ಹೇಗೆಂದು ಹುಡುಕಾಟ ನಡೆಯಿತು. ಅದರ ಉತ್ತರ ತಂದೆತಾಯಂದಿರಿಗೆ ಹಳೆಯ ಪರಿಚಯವೇ ಆದ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿದೆ. ಪಾಸ್‌ಬುಕ್ ಬ್ಯಾಂಕಿನ ಲೆಡ್ಜರಿನ ನಕಲು. ಸಂಬಳ ಜಮೆಯಾದ ಕ್ಷಣವೇ ಮನೆಯ ಬೀರುವಿನಲ್ಲಿರುವ ಪಾಸ್‌ಬುಕ್ ಬದಲಾಗುವುದಿಲ್ಲ. ಬದಲಾಗಬೇಕಾಗಿಯೂ ಇಲ್ಲ, ಬೀರುವಿನ ಒಳಗೆ ಅದನ್ನು ಯಾರೂ ಓದುತ್ತಿಲ್ಲವಲ್ಲ. ಬ್ಯಾಂಕಿಗೆ ಹೋಗಿ ಎಂಟ್ರಿ ಹಾಕಿಸಿದಾಗ ಅಷ್ಟೂ ಬಾಕಿ ಸಾಲುಗಳು ಒಟ್ಟಿಗೆ ಮೂಡುತ್ತವೆ. 1990ರಲ್ಲಿ ಸ್ಟಾನ್‌ಫರ್ಡ್‌ನವರು ರೂಪಿಸಿದ ‘ರಿಲೀಸ್ ಕನ್ಸಿಸ್ಟೆನ್ಸಿ’ಯ ಒಳಗುಟ್ಟು ಹೆಚ್ಚುಕಡಿಮೆ ಇಷ್ಟೇ. ಬೀಗ ಹಾಕಿಕೊಂಡು ಕೆಲಸ ಮಾಡುವವನು ಬೀಗ ಬಿಡುವಾಗ ಬದಲಾವಣೆಗಳನ್ನೆಲ್ಲ ಹೊರಗೆ ಹೇಳಿದರೆ ಸಾಕು. ನಡುವೆ ಪ್ರತಿ ಸಾಲಿಗೂ ಡಂಗುರ ಬೇಡ. ರೈಸ್‌ನವರು ಇನ್ನೂ ಸೋಮಾರಿತನ ತೋರಿ, ಬಿಡುವಾಗಲೂ ಹೇಳುವುದು ಬೇಡ, ಮುಂದೆ ಆ ಬೀಗವನ್ನು ಹಿಡಿಯುವವನು ಕೇಳಿದಾಗ ಅವನೊಬ್ಬನಿಗೆ ಹೇಳಿದರಾಯಿತು ಎಂದರು. ಅದರ ಹೆಸರಲ್ಲೇ ‘ಲೇಜಿ’ ಎಂಬ ಪದವಿದೆ. ವಿಜ್ಞಾನದಲ್ಲಿ ಸೋಮಾರಿತನಕ್ಕೆ ಗೌರವ ಸಿಕ್ಕಿದ ಅಪರೂಪದ ಪ್ರಸಂಗ.

ಪಾಸ್‌ಬುಕ್ಕಿನಲ್ಲಿ ನಡೆಯುವ ಸಡಿಲ ಎಲ್ಲ ಕಡೆ ನಡೆಯದು. ಪಿಯುಸಿ ಮಕ್ಕಳ ಮನೆಯವರಿಗೆ ಸಿಇಟಿಗಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಕರ್ನಾಟಕದಲ್ಲಿ 1994ರಲ್ಲಿ ಸಿಇಟಿ ಆರಂಭವಾಯಿತು. ಆ ವರ್ಷಗಳಲ್ಲಿ ರ‍್ಯಾಂಕ್ ಪ್ರಕಾರ ಮಕ್ಕಳನ್ನು ಕೌನ್ಸೆಲಿಂಗಿಗೆ ಕರೆಯುತ್ತಿದ್ದರು. ಊರೂರುಗಳಿಂದ ಬಂದ ಅಪ್ಪಂದಿರು ಚೀಲ ಹಿಡಿದು, ಪರದೆಯ ಮೇಲೆ ಯಾವ ಕಾಲೇಜಿನಲ್ಲಿ ಎಷ್ಟು ಸೀಟು ಉಳಿದಿದೆ ಎಂದು ನೋಡುತ್ತಾ ನಿಂತಿರುತ್ತಿದ್ದರು. ಆ ಪರದೆ ಒಂದು ನಕಲು. ಹೊರಗೆ ಕೂತವರಿಗೆ ಅದು ಅರ್ಧ ನಿಮಿಷ ಹಳತಾದರೂ ಚಿಂತೆಯಿಲ್ಲ, ಎದೆಬಡಿತ ಸ್ವಲ್ಪ ಹೆಚ್ಚೀತು ಅಷ್ಟೆ. ಆದರೆ ಒಳಗೆ ಸೀಟು ಹಂಚುವ ಕೌಂಟರುಗಳು ಹಲವಿದ್ದು, ಕೊನೆಯ ಒಂದು ಸೀಟು ಎರಡು ಕೌಂಟರುಗಳಲ್ಲಿ ‘ಖಾಲಿ’ ಎಂದು ತೋರಿದರೆ? ಒಂದೇ ಕುರ್ಚಿಗೆ ಇಬ್ಬರು ಮಕ್ಕಳು. ಅಲ್ಲಿ ನಕಲನ್ನು ನಂಬುವಂತಿಲ್ಲ. ಸೀಟು ಬರೆದುಕೊಳ್ಳುವ ಆ ಗಳಿಗೆಗಾದರೂ ಮೂಲ ಪ್ರತಿ ಒಂದೇ ಇರಬೇಕು, ಬೀಗ ಒಬ್ಬರ ಕೈಯಲ್ಲೇ ಇರಬೇಕು.

ಈಗಿನ ಆನ್‌ಲೈನ್ ಕ್ರಮ ಈ ಗಂಟನ್ನು ಬಿಚ್ಚದೆಯೇ ಪಕ್ಕಕ್ಕಿಟ್ಟಿದೆ. ಬೀದರ್‌ನಿಂದಾಗಲಿ ಮಡಿಕೇರಿಯಿಂದಾಗಲಿ ಮಕ್ಕಳು ತಮಗೆ ಬೇಕಾದ ಕಾಲೇಜುಗಳ ಪಟ್ಟಿಯನ್ನು ಕ್ರಮವಾಗಿ ದಾಖಲಿಸುತ್ತಾರೆ. ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ಮುಟ್ಟುವುದಿಲ್ಲ, ಆದ್ದರಿಂದ ಲಕ್ಷ ಜನ ಒಟ್ಟಿಗೆ ಬರೆದರೂ ಘರ್ಷಣೆಯಿಲ್ಲ. ಗಡುವು ಮುಗಿದ ಮೇಲೆ ಎಲ್ಲ ಪಟ್ಟಿಗಳನ್ನೂ ಒಂದೆಡೆ ಸೇರಿಸಿ, ರ‍್ಯಾಂಕಿನ ಸರದಿಯಲ್ಲಿ ಹಂಚುತ್ತಾರೆ. ಮೊದಲು ಅಣಕು ಹಂಚಿಕೆ, ಆಮೇಲೆ ನಿಜವಾದದ್ದು. ಲ್ಯಾಂಪೋರ್ಟ್ ಕೇಳಿದ ಆ ಒಂದೇ ಸರದಿ ಇಲ್ಲಿ ರ‍್ಯಾಂಕ್ ಪಟ್ಟಿಯ ರೂಪದಲ್ಲಿ ಮೊದಲೇ ಸಿದ್ಧವಾಗಿದೆ. ರಾತ್ರಿ ಹನ್ನೆರಡಕ್ಕೆ ಎದ್ದು ಮೊದಲು ಬಟನ್ ಒತ್ತಿದವರಿಗೆ ಲಾಭವೇನೂ ಇಲ್ಲ. ಈ ವಿಷಯ ಗೊತ್ತಿದ್ದರೆ ಅನೇಕ ತಾಯಂದಿರು ನೆಮ್ಮದಿಯಾಗಿ ಮಲಗಬಹುದು.

ರೈಲ್ವೆಯವರು ಹಿಡಿದದ್ದು ಇನ್ನೊಂದು ದಾರಿ. ಕಂಪ್ಯೂಟರ್ ಮೂಲಕ ಸೀಟು ಕಾದಿರಿಸುವ ಕ್ರಮ 1985–86ರಲ್ಲಿ ದೆಹಲಿಯಲ್ಲಿ ಆರಂಭವಾಗಿ, ಮುಂಬಯಿ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದ್ ಸೇರಿ ಐದು ಕೇಂದ್ರಗಳಾದವು. ‘ಕನ್ಸರ್ಟ್’ ಎಂಬ ತಂತ್ರಾಂಶ ಈ ಐದನ್ನೂ 1999ರಲ್ಲಿ ಒಂದು ಜಾಲಕ್ಕೆ ತಂದಿತು. ಐದೂ ಕಡೆ ಎಲ್ಲ ರೈಲುಗಳ ಸೀಟಿನ ನಕಲು ಇಟ್ಟು ಹೊಂದಿಸುತ್ತಾ ಕೂರಲಿಲ್ಲ. ಪ್ರತಿ ರೈಲಿನ ಸೀಟಿನ ಲೆಕ್ಕಕ್ಕೂ ಒಂದು ತವರುಮನೆ. ಬೆಂಗಳೂರಿನ ಕೌಂಟರಿನಲ್ಲಿ ನಿಂತು ದೂರದ ರೈಲಿಗೆ ಟಿಕೆಟ್ ಕೇಳಿದರೆ ಪ್ರಶ್ನೆ ಆ ತವರಿಗೆ ಹೋಗಿ ಉತ್ತರ ಬರುತ್ತದೆ. ಸ್ವಲ್ಪ ತಡವಾದರೂ ಒಂದು ಬರ್ತ್ ಇಬ್ಬರಿಗೆ ಹೋಗುವುದಿಲ್ಲ. ಕಾಯ್ ಲೀಯ ‘ಪುಟಕ್ಕೊಬ್ಬ ಯಜಮಾನ’ನ ದೊಡ್ಡಣ್ಣ ಎನ್ನಬಹುದು.

ಈ ಎಚ್ಚರ ತಪ್ಪಿದಾಗ ಏನಾಗಬಹುದು ಎಂಬುದಕ್ಕೆ 2003ರ ಆಗಸ್ಟ್ 14 ಸಾಕ್ಷಿ. ಅಂದು ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದ ಒಂಟಾರಿಯೊದಲ್ಲಿ ಸುಮಾರು ಐದು ಕೋಟಿ ಜನ ಕತ್ತಲಲ್ಲಿ ಮುಳುಗಿದರು. ಓಹಿಯೊದಲ್ಲಿ ತಂತಿಗಳು ಮರಕ್ಕೆ ತಾಗಿ ಒಂದೊಂದಾಗಿ ಕಡಿತಗೊಳ್ಳುತ್ತಿದ್ದವು. ನಿಯಂತ್ರಣ ಕೊಠಡಿಯಲ್ಲಿ ಕೂತವರಿಗೆ ಅದು ತಿಳಿಯಲೇ ಇಲ್ಲ, ಏಕೆಂದರೆ ಎಚ್ಚರಿಕೆಯ ತಂತ್ರಾಂಶ ಸದ್ದಿಲ್ಲದೆ ನಿಂತುಹೋಗಿತ್ತು. ತನಿಖೆಯಲ್ಲಿ ಸಿಕ್ಕಿದ್ದು ಇಷ್ಟು: ಆ ತಂತ್ರಾಂಶದ ಎರಡು ಕಾರ್ಯಗಳು ಸ್ಮೃತಿಯ ಒಂದೇ ದಾಖಲೆಗೆ ಒಂದೇ ಕ್ಷಣದಲ್ಲಿ ಬರೆಯಲು ಹೋಗಿ ಅದನ್ನು ಕೆಡಿಸಿದ್ದವು. ಕೆಟ್ಟ ದಾಖಲೆಯನ್ನು ಓದಿದ ಎಚ್ಚರಿಕೆಯ ಕಾರ್ಯ ಕೊನೆಯಿಲ್ಲದ ಸುತ್ತಿಗೆ ಬಿತ್ತು. ಒಂದು ಗಂಟೆಗೂ ಮೇಲೆ ಪರದೆಗಳು ಹಳೆಯ ಸುದ್ದಿಯನ್ನೇ ತೋರಿಸುತ್ತಿದ್ದವು, ಮತ್ತು ಎಲ್ಲರೂ ಅದನ್ನು ನಂಬಿದ್ದರು.

ಕಾಯ್ ಲೀ ಕನಸಿದ ರೂಪದಲ್ಲಿ, ಕೋಣೆಯಿಂದ ಕೋಣೆಗೆ ಪುಟ ಓಡಾಡುವ ವ್ಯವಸ್ಥೆಗಳು ಅಷ್ಟಾಗಿ ಬಳಕೆಗೆ ಬರಲಿಲ್ಲ. ದೊಡ್ಡ ಲೆಕ್ಕಗಳ ಜಗತ್ತು ಸಂದೇಶ ಕಳಿಸುವ ಕ್ರಮಕ್ಕೇ ಒಲಿಯಿತು. ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ, 3.3 ಪೆಟಾಫ್ಲಾಪ್ ಸಾಮರ್ಥ್ಯದ ‘ಪರಮ್ ಪ್ರವೇಗ’ದಂಥ ಯಂತ್ರಗಳಲ್ಲಿ ಒಂದು ಪೆಟ್ಟಿಗೆಯ ಒಳಗಿನ ಪ್ರೊಸೆಸರುಗಳಿಗೆ ಸ್ಮೃತಿ ಹಂಚಿಕೆಯದು, ಪೆಟ್ಟಿಗೆಯಿಂದ ಪೆಟ್ಟಿಗೆಗೆ ಮಾತ್ರ ಸಂದೇಶ. ಆದರೆ ಆ ಪ್ರಶ್ನೆ ಎಲ್ಲೂ ಹೋಗಲಿಲ್ಲ, ಕುಗ್ಗಿ ಕುಗ್ಗಿ ಜೇಬಿನೊಳಗೆ ಬಂತು. ಮೊಬೈಲ್ ಫೋನಿನ ಬಿಲ್ಲೆಯಲ್ಲಿ ಎಂಟು ಪ್ರೊಸೆಸರುಗಳಿದ್ದರೆ, ಪ್ರತಿಯೊಂದಕ್ಕೂ ತನ್ನದೇ ಸಾಸಿವೆ ಡಬ್ಬಿ. ಆ ಡಬ್ಬಿಗಳಲ್ಲಿರುವ ನಕಲುಗಳು ಹೊಂದಿಕೊಂಡಿರಲು ಬಳಸುವ ನಿಯಮಗಳ ಹಿಂದೆ ಇಲಿನಾಯ್ ವಿಶ್ವವಿದ್ಯಾಲಯದ ಮಾರ್ಕ್ ಪಾಪಮಾರ್ಕೋಸ್ ಮತ್ತು ಜನಕ್ ಪಟೇಲ್ 1984ರಲ್ಲಿ ಪ್ರಕಟಿಸಿದ ಕ್ರಮವಿದೆ.

ಅದೇ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾದ, ಐಐಟಿ ಮುಂಬಯಿಯಲ್ಲಿ ಓದಿದ ಸರಿತಾ ಆಡ್ವೆ ಈ ಕ್ಷೇತ್ರದ ದೊಡ್ಡ ಹೆಸರು. ಅವರು ಮತ್ತು ಅವರ ಗುರು ಮಾರ್ಕ್ ಹಿಲ್ 1990ರಲ್ಲಿ ಮುಂದಿಟ್ಟ ವಾದ ಒಂದು ಒಪ್ಪಂದದಂತಿದೆ. ಪ್ರೋಗ್ರಾಂ ಬರೆಯುವವನು ಹಂಚಿಕೆಯ ಜಾಗಗಳಿಗೆಲ್ಲ ಸರಿಯಾಗಿ ಬೀಗ ಹಾಕುತ್ತೇನೆಂದು ಮಾತು ಕೊಟ್ಟರೆ, ಯಂತ್ರ ಒಳಗೆ ಎಷ್ಟೇ ಹಿಂದುಮುಂದು ಮಾಡಿದರೂ ಹೊರಗೆ ಲ್ಯಾಂಪೋರ್ಟರ ಸರದಿಯೇ ಕಾಣುವಂತೆ ನಡೆದುಕೊಳ್ಳುತ್ತದೆ. ಕಾಲೇಜಿನಲ್ಲಿ ಮಕ್ಕಳು ಕಲಿಯುವ ಜಾವಾ ಭಾಷೆ 2004ರಲ್ಲಿ ತನ್ನ ಸ್ಮೃತಿ ನಿಯಮಗಳನ್ನು ತಿದ್ದಿಕೊಂಡಾಗ ತಳಹದಿಯಾದದ್ದು ಈ ಒಪ್ಪಂದವೇ. ಮೊದಲಿನ ನಿಯಮಗಳು ಎಷ್ಟು ಗೋಜಲಾಗಿದ್ದವೆಂದರೆ ಪರಿಣತರೂ ತಪ್ಪು ಓದುತ್ತಿದ್ದರು.

ಇದನ್ನು ಮನೆಯಲ್ಲೇ ಆಡಿ ನೋಡಲು ಎರಡು ಸ್ಲೇಟು, ಮೂವರು ಮಕ್ಕಳು ಸಾಕು. ಎರಡೂ ಸ್ಲೇಟಿನ ಮೇಲೆ ಸೊನ್ನೆ ಬರೆದು ಗೋಡೆಗೆ ಒರಗಿಸಿ. ಮೊದಲನೆಯವಳು ತನ್ನ ಸ್ಲೇಟಿನಲ್ಲಿ ಒಂದು ಎಂದು ಬರೆದು, ಆಮೇಲೆ ಎರಡನೆಯವನ ಸ್ಲೇಟು ನೋಡಬೇಕು. ಎರಡನೆಯವನೂ ಹಾಗೆಯೇ: ಮೊದಲು ತನ್ನದರಲ್ಲಿ ಒಂದು, ಆಮೇಲೆ ಅವಳದನ್ನು ನೋಡುವುದು. ಇಬ್ಬರಿಗೂ ಸೊನ್ನೆಯೇ ಕಾಣಿಸುವುದು ಸಾಧ್ಯವೇ? ಯಾವ ಕ್ರಮದಲ್ಲಿ ಆಡಿದರೂ ಸಾಧ್ಯವಿಲ್ಲ. ಯಾರು ಕೊನೆಗೆ ನೋಡಿದರೋ ಅವರಿಗೆ ಎದುರಿನವರ ಒಂದು ಕಂಡೇ ಕಾಣುತ್ತದೆ. ಕಾಗದದಲ್ಲಿ ನಾಲ್ಕು ಹೆಜ್ಜೆಗಳ ಆರೂ ಸರದಿಗಳನ್ನು ಬರೆದು ಪರೀಕ್ಷಿಸಬಹುದು.

ಈಗ ಒಂದೇ ಬದಲಾವಣೆ ಮಾಡಿ. ತಾವೇ ಸ್ಲೇಟು ಮುಟ್ಟುವ ಬದಲು, ‘ಒಂದು’ ಎಂಬ ಚೀಟಿಯನ್ನು ಮೂರನೆಯ ಹುಡುಗನ ಕೈಗೆ ಕೊಟ್ಟು, ಬರೆದಾಯಿತೆಂದೇ ಭಾವಿಸಿ ಎದುರಿನ ಸ್ಲೇಟು ನೋಡಲಿ. ಆ ಹುಡುಗ ತನಗೆ ಬಿಡುವಾದಾಗ ಚೀಟಿಗಳನ್ನು ಸ್ಲೇಟಿಗೆ ಏರಿಸಲಿ. ಇಬ್ಬರಿಗೂ ಸೊನ್ನೆ ಕಾಣುವುದು ಆಗ ಕಷ್ಟವೇನಲ್ಲ. ಮೇಜಿನ ಮೇಲಿರುವ ಇಂಟೆಲ್ ಕಂಪ್ಯೂಟರಿನ ಪ್ರತಿ ಪ್ರೊಸೆಸರಿನೊಳಗೂ ಅಂಥ ಒಬ್ಬ ಚೀಟಿ ಹುಡುಗನಿದ್ದಾನೆ. ಬರಹಗಳನ್ನು ಸ್ವಲ್ಪ ಹೊತ್ತು ಕೂಡಿಟ್ಟು ಆಮೇಲೆ ಸ್ಮೃತಿಗೆ ಕಳಿಸುವ ಪುಟ್ಟ ಸರದಿಸಾಲು ಅದು. ಇದೇ ಆಟವನ್ನು ಸಿ ಭಾಷೆಯಲ್ಲಿ ಬರೆದು, ಬೀಗವಿಲ್ಲದೆ, ಎರಡು ಪ್ರೊಸೆಸರುಗಳ ಮೇಲೆ ಕೆಲವು ಲಕ್ಷ ಸಲ ಓಡಿಸಿದರೆ ಅಪರೂಪಕ್ಕಾದರೂ ಎರಡು ಸೊನ್ನೆಗಳು ಒಟ್ಟಿಗೆ ಬಂದು ನಿಲ್ಲುತ್ತವೆ.